ಕೇಬಲ್ ಲೈಸೆನ್ಸ್ ನವೀಕರಣಕ್ಕೆ ಊರಲ್ಲಿ ಅಹವಾಲು ಸಭೆ: ನಾವು ಹೋಗಿ ಏನು ಕೇಳಬೇಕು?

ಹಿಮದೂರಿನವಳು:
ನಮಸ್ಕಾರ. ನಾವಿರೋದು ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಟೌನು. ಇಲ್ಲಿನ ಕೇಬಲ್ ಕಂಪನಿಯ ಲೈಸೆನ್ಸ್ ಮುಗಿಯೋಕೆ ಇನ್ನೂ ಎರಡು ವರ್ಷದ ಮೇಲೇ ಇದೆ. ಆದರೂ ಸೆಲೆಕ್ಟ್ ಬೋರ್ಡ್‌ನವರು (ಟೌನಿನ ಆಡಳಿತ ನಡೆಸೋ ಚುನಾಯಿತ ಮಂಡಳಿ) ಈಗಲೇ ನವೀಕರಣಕ್ಕೆ ಅಂತ ಅಹವಾಲು ಸಭೆ ಕರೆದಿದ್ದಾರೆ. ಊರಿಗೆ ಮುಂದೆ ಏನೇನು ಬೇಕು, ಬಂದು ಹೇಳಿ ಅಂತ ನೋಟಿಸು.

ನಮ್ಮೂರ ಕೇಬಲ್‌ನಲ್ಲಿ ಮೂರು ಲೋಕಲ್ ಚಾನೆಲ್ ಇವೆ. ಒಂದು ಜನರದ್ದು, ಒಂದು ಶಾಲೆಗಳದ್ದು, ಒಂದು ಟೌನ್ ಹಾಲ್‌ದು. ಹೈಸ್ಕೂಲಿನ ನೆಲಮಾಳಿಗೆಯಲ್ಲಿ ಪುಟ್ಟ ಸ್ಟುಡಿಯೋ. ಊರಿನವರು ಯಾರು ಬೇಕಾದರೂ ಹೋಗಿ ಕ್ಯಾಮೆರಾ, ಎಡಿಟಿಂಗ್ ಕಲೀಬಹುದು. ಕಾರ್ಯಕ್ರಮ ಮಾಡಿ ಕೊಟ್ಟರೆ ಹಾಕ್ತಾರೆ. ಹೋದ ನವೆಂಬರಿನಲ್ಲಿ ನಮ್ಮ ಕನ್ನಡ ಶಾಲೆ ಮಕ್ಕಳ ನಾಟಕ ಅಲ್ಲೇ ರೆಕಾರ್ಡ್ ಆಗಿ ಟಿವಿಯಲ್ಲಿ ಬಂತು.

ನನ್ನ ಗೊಂದಲ ಇಷ್ಟು. ನಮ್ಮನೇಲಿ ಕೇಬಲ್ ಟಿವಿ ಇಲ್ಲ, ಇಂಟರ್ನೆಟ್ ಮಾತ್ರ. ಹಾಗಿದ್ದೂ ಹೋಗಿ ಮಾತಾಡಬಹುದಾ? ಏನು ಕೇಳಬೇಕು? "ಒಂದು ಕನ್ನಡ ಚಾನೆಲ್ ಕೊಡಿ" ಅಂತ ಕೇಳಿದರೆ ಆಗುತ್ತಾ? ಗೊತ್ತಿರೋರು ಹೇಳಿ.

ತಿಂಡಿಪೋತ:
ಸಭೇಲಿ ಕಾಫಿ ಕೊಡ್ತಾರಾ ಅಂತ ಮೊದಲು ವಿಚಾರಿಸಿ.

ಸುಮ್ನಿರಪ್ಪ:
ಈ ಕಾಲದಲ್ಲಿ ಕೇಬಲ್ಲಾ? ಮಕ್ಕಳ ನಾಟಕ ಯೂಟ್ಯೂಬ್‌ಗೆ ಹಾಕಿ, ಲಿಂಕ್ ವಾಟ್ಸಾಪ್‌ಗೆ ಬಿಡಿ, ಮುಗೀತು. ಟೌನ್‌ನವರ ಸಭೆ, ಸಮಿತಿ, ಲೈಸೆನ್ಸು ಎಲ್ಲ 1980ರ ದಶಕದ ಹ್ಯಾಂಗೋವರ್.

ಹಳೇ_ಇಂಜಿನಿಯರ್:
@ಹಿಮದೂರಿನವಳು, ಖಂಡಿತ ಹೋಗಮ್ಮ. ನಾನು ನಮ್ಮ ಟೌನಿನ ಕೇಬಲ್ ಸಲಹಾ ಸಮಿತಿಯಲ್ಲಿದ್ದವನು, ಅದೂ ಮ್ಯಾಸಚೂಸೆಟ್ಸ್‌ನಲ್ಲೇ. ಚಂದಾದಾರರೇ ಬರಬೇಕು ಅಂತ ಏನಿಲ್ಲ, ಊರಿನವರಾದರೆ ಸಾಕು. ಕಂಪನಿ ತಂತಿ ಎಳೆದಿರೋದು ಊರಿನ ರಸ್ತೆ ಪಕ್ಕದ ಜಾಗದಲ್ಲಿ. ಆ ಜಾಗ ಬಳಸೋದಕ್ಕೆ ಪ್ರತಿಯಾಗಿ ಊರು ಕೇಳೋದೇ ಈ ಚಾನೆಲ್ಲು, ಈ ಹಣ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. 1971ರಲ್ಲಿ ಮ್ಯಾನ್‌ಹಟನ್‌ನ ಕೇಬಲ್‌ನಲ್ಲಿ ಸಾರ್ವಜನಿಕರಿಗೆ ಅಂತ ಚಾನೆಲ್ ಶುರುವಾಯ್ತು. 1972ರಲ್ಲಿ ಎಫ್‌ಸಿಸಿ (ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ) ದೊಡ್ಡ ದೊಡ್ಡ ಮಾರುಕಟ್ಟೆಗಳ ಕೇಬಲ್‌ನವರು ಜನರಿಗೆ, ಶಿಕ್ಷಣಕ್ಕೆ, ಸರ್ಕಾರಕ್ಕೆ ಅಂತ ಚಾನೆಲ್ ಬಿಡಲೇಬೇಕು ಅಂದಿತು. ಕಂಪನಿಗಳು ಕೋರ್ಟಿಗೆ ಹೋದವು, 1979ರಲ್ಲಿ ಸುಪ್ರೀಂ ಕೋರ್ಟು ಎಫ್‌ಸಿಸಿಗೆ ಆ ಅಧಿಕಾರ ಇಲ್ಲ ಅಂದುಬಿಟ್ಟಿತು. ಆಮೇಲೆ 1984ರಲ್ಲಿ ಇಲ್ಲಿನ ಸಂಸತ್ತು, ಅಂದ್ರೆ ಕಾಂಗ್ರೆಸ್ಸೇ, ಕೇಬಲ್ ಕಾನೂನು ಮಾಡಿ ಊರುಗಳಿಗೆ ಆ ಅಧಿಕಾರ ಕೊಟ್ಟಿತು. ಗಮನಿಸಿ, ಕಾನೂನು ಹೇಳೋದು ಊರು "ಕೇಳಬಹುದು" ಅಂತ ಮಾತ್ರ. ಕೇಳದ ಊರಿಗೆ ಏನೂ ಸಿಗಲ್ಲ. ಅದಕ್ಕೇ ಈ ಸಭೆ.

ಕನ್ನಡ ಚಾನೆಲ್ ವಿಷಯ: ಅದು ಆಗಲ್ಲ. ಇಂಥ ಚಾನೆಲ್ ಹಾಕು ಅಂತ ಕಂಪನಿಗೆ ಊರು ಹುಕುಂ ಮಾಡೋ ಹಾಗಿಲ್ಲ, ಫೆಡರಲ್ ಕಾನೂನೇ ಅಡ್ಡ. ಆದರೆ ಜನರ ಚಾನೆಲ್‌ನಲ್ಲಿ ನೀವೇ ವಾರಕ್ಕೊಂದು ಕನ್ನಡ ಕಾರ್ಯಕ್ರಮ ಮಾಡಿ ಹಾಕಬಹುದು. ಅದರಲ್ಲಿ ಕಂಪನಿ ಕೈಹಾಕೋ ಹಾಗಿಲ್ಲ, ಅದೂ ಕಾನೂನೇ.

ಧಾರವಾಡ_ಫೇಡಾ:
ಇದೆಲ್ಲಾ ಛಂದ ಐತ್ರಿ. ಆದ್ರ ರೊಕ್ಕ ಎಲ್ಲಿಂದ ಬರ್ತದ? ಸ್ಟುಡಿಯೋದಾಗ ಕೆಲಸ ಮಾಡೋರಿಗೆ ಪಗಾರ ಯಾರ ಕೊಡ್ತಾರ?

ಮಂಡ್ಯ_ಟು_ಜೆರ್ಸಿ:
ಕಂಪನೀನೇ ಕೊಡೋದು. ತಿಂಗಳ ಬಿಲ್ಲಿನ ನೂರಕ್ಕೆ ಐದು. ನಮ್ಮ ಮನೆ ಬಿಲ್ಲು ಇಂಟರ್ನೆಟ್ ಸೇರಿ 180 ಡಾಲರ್, ಅಂದ್ರೆ 9 ಡಾಲರ್ ಊರಿಗೆ ಹೋಗುತ್ತೆ.

ಹಳೇ_ಇಂಜಿನಿಯರ್:
ಹಾಗಲ್ಲ. ಇಂಟರ್ನೆಟ್ ಹಣ ಲೆಕ್ಕಕ್ಕೆ ಬರಲ್ಲ, ಕೇಬಲ್ ಟಿವಿ ಆದಾಯ ಮಾತ್ರ. ಅದರಲ್ಲೂ 5% ಅನ್ನೋದು ಗರಿಷ್ಠ ಮಿತಿ. ಎಷ್ಟೋ ಊರುಗಳು ಅದಕ್ಕಿಂತ ಕಡಿಮೆಗೇ ಸಹಿ ಹಾಕಿವೆ.

ಸುಮ್ಮನೆ ಒಂದು ಲೆಕ್ಕ ಇಟ್ಟುಕೊಳ್ಳಿ. ಊರಲ್ಲಿ 3,000 ಮನೆ, ತಿಂಗಳಿಗೆ ಟಿವಿಗೆ 90 ಡಾಲರ್. ವರ್ಷಕ್ಕೆ 32.4 ಲಕ್ಷ ಡಾಲರ್, 5% ಅಂದ್ರೆ 1,62,000. ಇಬ್ಬರು ಪೂರ್ಣಾವಧಿ ನೌಕರರು, ವಿಮೆ, ಉಪಕರಣ, ಅಷ್ಟಕ್ಕೇ ಸರಿಹೋಗುತ್ತೆ. ಈಗ 1,000 ಮನೆಯವರು ಕೇಬಲ್ ಕಿತ್ತು ಸ್ಟ್ರೀಮಿಂಗ್‌ಗೆ ಹೋದರು ಅನ್ನಿ. 1,08,000ಕ್ಕೆ ಇಳೀತು. ಒಬ್ಬರ ಕೆಲಸ ಹೋಯ್ತು. ಅದೇ ತಂತಿ, ಅದೇ ಕಂಬ, ಅದೇ ಕಂಪನಿಗೆ ಇಂಟರ್ನೆಟ್ ಹಣ. ಊರಿನ ಪಾಲು ಮಾತ್ರ ಕರಗ್ತಾ ಹೋಗುತ್ತೆ.

ಮಂಡ್ಯ_ಟು_ಜೆರ್ಸಿ:
ಹಂಗಾದ್ರೆ ನಂದು 9 ಡಾಲರ್ ಅಲ್ಲ, 3-4 ಇರಬೇಕು. ಬಿಲ್ಲಲ್ಲಿ ಮಾತ್ರ "ಫ್ರಾಂಚೈಸ್ ಫೀ" (ಅಂದ್ರೆ ಈ ಲೈಸೆನ್ಸ್ ಶುಲ್ಕಾನೇ) ಅಂತ ಬೇರೆ ಸಾಲು ಹಾಕಿ ನಮ್ಮತ್ರಾನೇ ಕಿತ್ಕೊಳ್ತಾರೆ, ಕಂಪನಿ ಏನು ಕೈಯಿಂದ ಹಾಕ್ತದೆ?

ಸುಮ್ನಿರಪ್ಪ:
ಅದೇ ನಾನು ಹೇಳಿದ್ದು! ಕೇಬಲ್ ಇಟ್ಟುಕೊಂಡಿರೋರು ಬಹುಪಾಲು ವಯಸ್ಸಾದೋರು. ಅವರ ಬಿಲ್ಲಿಂದ ಕಿತ್ತು ನಿಮ್ಮ ಮಕ್ಕಳ ನಾಟಕಕ್ಕೆ ಕ್ಯಾಮೆರಾ. ಕೇಬಲ್ ಇಲ್ಲದ ಹಿಮದೂರಿನವರು ಹೋಗಿ "ಇನ್ನೂ ಜಾಸ್ತಿ ಕೇಳಿ" ಅಂತಾರೆ. ಇದು ಯಾವ ನ್ಯಾಯ?

ಹಿಮದೂರಿನವಳು:
ಈ ಪ್ರಶ್ನೆ ನನಗೂ ಇದೆ, ಅದಕ್ಕೇ ಕೇಳಿದ್ದು. ಆದರೆ ಟೌನ್ ಮೀಟಿಂಗ್ ಮನೇಲಿ ಕೂತು ನೋಡೋರೂ ಆ ವಯಸ್ಸಾದವರೇ. ಪಕ್ಕದ ಮನೆ ಅಜ್ಜಿಗೆ ಯೋಜನಾ ಮಂಡಳಿಯಲ್ಲಿ ಯಾರು ಯಾರ ಮೇಲೆ ರೇಗಿದರು ಅನ್ನೋದು ನನಗಿಂತ ಚೆನ್ನಾಗಿ ಗೊತ್ತು.

ಉಡುಪಿ_ಹೋಟ್ಲು:
ಹ್ಹಹ್ಹ, ಧಾರಾವಾಹಿಗಿಂತ ಅದೇ ಚೆಂದ ಮಾರಾಯ್ರೆ. ನಮ್ಮ ಕಡೆ ಲೋಕಲ್ ಕೇಬಲ್‌ನಲ್ಲಿ ಕಂಬಳ, ಬ್ರಹ್ಮಕಲಶೋತ್ಸವ, ಇಡೀ ರಾತ್ರಿ ಯಕ್ಷಗಾನ ಎಲ್ಲ ನೇರ ಪ್ರಸಾರ ಉಂಟು. ಮಧ್ಯೆ ಕೆಳಗೆ ಓಡುವ ಸಾಲಿನಲ್ಲಿ "ಸೈಟ್ ಮಾರಾಟಕ್ಕಿದೆ". ಪುರಸಭೆ ಸಭೆ ಮಾತ್ರ ಇಲ್ಲ.

ಮಂಡ್ಯ_ಟು_ಜೆರ್ಸಿ:
ಪುರಸಭೆ ಸಭೆ ತೋರಿಸಿದ್ರೆ ಕಂಬಳಕ್ಕೆ ಜನ ಬರಲ್ಲ ಅಂತ ಇರಬೇಕು.

ಬೆಂಗ್ಳೂರ್_ಬಿಸಿಲು:
ನಮ್ಮಲ್ಲಿ ನೇರ ಪ್ರಸಾರ ಮಾಡೋಕೆ ಸಭೆಯಾದ್ರೂ ಇರಬೇಕಲ್ಲಪ್ಪ! 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೇನೇ ಆಗಲಿಲ್ಲ. ಖಾಲಿ ಕುರ್ಚಿ ತೋರಿಸಬೇಕಿತ್ತು.

ಅಂದ ಹಾಗೆ ಇಲ್ಲಿ ಕೇಬಲ್‌ಗೆ ಲೈಸೆನ್ಸ್ ಕೊಡೋದು ನಗರಸಭೆ ಅಲ್ಲ. 1995ರ ಕೇಬಲ್ ಕಾಯ್ದೆ ಪ್ರಕಾರ ಲೋಕಲ್ ಆಪರೇಟರ್‌ಗಳ ನೋಂದಣಿ ವರ್ಷಾನುಗಟ್ಟಲೆ ಹೆಡ್ ಪೋಸ್ಟಾಫೀಸಿನಲ್ಲಿ ಆಗ್ತಿತ್ತು. ಊರಿನ ಪಂಚಾಯಿತಿಗಾಗಲಿ ನಗರಸಭೆಗಾಗಲಿ "ನಮಗೊಂದು ಚಾನೆಲ್ ಬಿಡಿ" ಅಂತ ಕೇಳೋ ಕೈಯೇ ಇಲ್ಲ. ಆಪರೇಟರ್‌ಗಳ ಸ್ವಂತ ಚಾನೆಲ್‌ಗಳಿಗೆ 2022ರ ನವೆಂಬರಿನಲ್ಲಿ ಕೇಂದ್ರ ಮಾರ್ಗಸೂಚಿ ತಂತು. ಚಾನೆಲ್ ಒಂದಕ್ಕೆ 1,000 ರೂಪಾಯಿ ನೋಂದಣಿ ಶುಲ್ಕ, ಒಟ್ಟು ಸಾಮರ್ಥ್ಯದ 5% ಮೀರಬಾರದು, ಸ್ಥಳೀಯ ಸುದ್ದಿ ಹಾಕಬೇಕಾದರೆ ಕಂಪನಿಯಾಗಿ ನೋಂದಣಿ ಆಗಿರಬೇಕು. ಎಲ್ಲಾ ನಿಯಮ ಆಪರೇಟರ್‌ಗೆ. ಜನ ಅನ್ನೋರು ಅದರಲ್ಲಿ ಎಲ್ಲೂ ಇಲ್ಲ.

ಕೋಲಾರದ_ಹುಡ್ಗ:
ಎಲ್ಲೂ ಇಲ್ಲ ಅನ್ಬೇಡಿ ಸಾರ್. ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೆಸರು ಕೇಳಿದ್ದೀರಾ? ಹೈದರಾಲಿ ಹುಟ್ಟಿದ ಊರು ಅಂತಷ್ಟೇ ಎಲ್ಲರಿಗೂ ಗೊತ್ತು. ಅಲ್ಲಿ "ನಮ್ಮ ಧ್ವನಿ" ಅಂತ ಶುರುವಾಯ್ತು, 2000ದ ದಶಕದ ಮೊದಲಲ್ಲೇ. ವಾಯ್ಸಸ್, ಮೈರಾಡಾ ಸಂಸ್ಥೆಗಳು, ಯುನೆಸ್ಕೋ ನೆರವು. ಸ್ವಸಹಾಯ ಸಂಘದ ಹೆಂಗಸರು ಕೂತು ಕಾರ್ಯಕ್ರಮ ಮಾಡ್ತಿದ್ರು.

ಆಗ ಹಳ್ಳಿಯವರಿಗೆ ರೇಡಿಯೋ ಲೈಸೆನ್ಸ್ ಕೊಡ್ತಿರಲಿಲ್ಲ. 1995ರಲ್ಲೇ ಸುಪ್ರೀಂ ಕೋರ್ಟು ತರಂಗಾಂತರ ಸಾರ್ವಜನಿಕ ಸ್ವತ್ತು ಅಂದಿತ್ತು, ಆದರೂ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶ, ಸಂಘ ಸಂಸ್ಥೆಗಳಿಗೆ ಸಿಕ್ಕಿದ್ದು 2006ರಲ್ಲಿ. ಅಲ್ಲೀತನಕ ಕಾಯದೆ ಬೂದಿಕೋಟೆಯವರು ಏನು ಮಾಡಿದ್ರು ಗೊತ್ತಾ? ಊರಿನ ಕೇಬಲ್ ತಂತಿಯಲ್ಲೇ ಧ್ವನಿ ಕಳಿಸಿದ್ರು! ಗಾಳಿಯಲ್ಲಿ ಬಿಡೋಕೆ ತಾನೇ ಪರ್ಮಿಷನ್ ಬೇಕು? ಕೇಬಲ್ ಇದ್ದ ಮನೇಲಿ ಟಿವಿ ಹಾಕ್ಕೊಂಡು ಕೇಳೋದು. ನೀರು, ಬೆಳೆ, ಆರೋಗ್ಯ, ಶಾಲೆ ವಿಷಯ, ಎಲ್ಲಾ ನಮ್ಮ ಭಾಷೇಲಿ.

ಹಳೇ_ಇಂಜಿನಿಯರ್:
ಭಲೇ! ಇದು ನನಗೆ ಹೊಸ ವಿಷಯ. ಪಾಲಿಸಿ ಬರೋ ಮುಂಚೇನೇ ತಂತಿ ಹಿಡಿದಿದ್ದಾರೆ.

ಲಾಯರಮ್ಮ:
ಬೂದಿಕೋಟೆ ಚೆನ್ನಾಗಿದೆ, ಆದರೆ ಮೂಲ ಪ್ರಶ್ನೆಗೆ ಬರೋಣ.

ಲೈಸೆನ್ಸ್ ಮುಗಿಯೋ 36ರಿಂದ 30 ತಿಂಗಳ ಮುಂಚಿನ ಕಿಟಕಿಯಲ್ಲಿ ಈ ಪ್ರಕ್ರಿಯೆ ಶುರುವಾಗಬೇಕು ಅಂತ ಫೆಡರಲ್ ಕಾನೂನಿದೆ. ಅದಕ್ಕೇ ಇಷ್ಟು ಬೇಗ ಸಭೆ. ಅಲ್ಲಿ ಎರಡು ಕೆಲಸ: ಊರಿನ ಮುಂದಿನ ಅಗತ್ಯ ಗುರುತಿಸೋದು, ಕಂಪನಿ ಇದುವರೆಗೆ ಹೇಗೆ ನಡಕೊಂಡಿದೆ ಅಂತ ನೋಡೋದು. ನಂತರ ಕಂಪನಿ ಪ್ರಸ್ತಾವ ಕೊಡುತ್ತೆ. ಊರು ಅದನ್ನ ತಿರಸ್ಕರಿಸಬೇಕಾದರೆ ನಾಲ್ಕೇ ನಾಲ್ಕು ಕಾರಣ ಒಪ್ಪಿತ. ಹಳೇ ಲೈಸೆನ್ಸ್ ಷರತ್ತು ಮುರಿದಿರಬೇಕು, ಸೇವೆ ಕೆಟ್ಟಿರಬೇಕು, ಕಂಪನಿಗೆ ತಾಕತ್ತಿಲ್ಲದಿರಬೇಕು, ಇಲ್ಲವೇ ಪ್ರಸ್ತಾವ ಊರಿನ ಅಗತ್ಯಕ್ಕೆ ಸಾಲದೇ ಇರಬೇಕು. ಈ ಕೊನೇದರಲ್ಲೂ ಖರ್ಚು ಎಷ್ಟಾಗುತ್ತೆ ಅಂತ ತೂಗಿ ನೋಡಬೇಕು.

"ಅಗತ್ಯ" ಅಂತ ಯಾವುದನ್ನ ತೋರಿಸ್ತೀರಿ? ಈ ಸಭೆಯ ದಾಖಲೆ! ಯಾರೂ ಬರದೆ ಸಭೆ ಹತ್ತು ನಿಮಿಷದಲ್ಲಿ ಮುಗಿದರೆ ಕಂಪನಿ ವಕೀಲರಿಗೆ ಹಬ್ಬ. "ಊರಿಗೆ ಏನೂ ಬೇಕಿಲ್ಲ, ನೋಡಿ ನಿಮ್ಮದೇ ದಾಖಲೆ" ಅಂತಾರೆ.

ನಿಜ ಹೇಳಬೇಕಂದ್ರೆ ಬಹುಪಾಲು ನವೀಕರಣ ಕೋರ್ಟು ಗೀರ್ಟು ಅಂತ ಹೋಗದೆ ಮೇಜಿನ ಮೇಲೆ ಮಾತುಕತೆಯಲ್ಲೇ ಮುಗಿಯುತ್ತೆ. ಅಲ್ಲೂ ಊರಿನ ಕೈಯಲ್ಲಿರೋ ಆಯುಧ ಈ ದಾಖಲೆ ಒಂದೇ. ನಿಮ್ಮ ರಾಜ್ಯದಲ್ಲಿ ನವೀಕರಣ ಗರಿಷ್ಠ 10 ವರ್ಷಕ್ಕೆ. ಈಗ ಬಿಟ್ಟರೆ ನಿಮ್ಮ ಮಗು ಕಾಲೇಜಿಗೆ ಹೋಗೋ ಹೊತ್ತಿಗೆ ಮುಂದಿನ ಅವಕಾಶ.

ಹಿಮದೂರಿನವಳು:
ಅಯ್ಯೋ, ಲಾಯರಮ್ಮ, ಇದನ್ನ ಟೌನ್‌ನವರು ನೋಟಿಸಿನಲ್ಲಿ ಒಂದು ಸಾಲು ಬರೆದಿದ್ದರೆ ಜನ ಬರ್ತಿದ್ದರು.

ಬೇ_ಏರಿಯಾ_ಬೋರ:
ಪುಣ್ಯವಂತರು ನೀವು, ಊರಿನ ಹತ್ರಾನೇ ಮಾತಾಡ್ತೀರಿ. ಕ್ಯಾಲಿಫೋರ್ನಿಯಾದಲ್ಲಿ 2006ರ ಕಾನೂನು ಬಂದ ಮೇಲೆ ಫ್ರಾಂಚೈಸ್ ಕೊಡೋದು ರಾಜ್ಯ. ಟೆಕ್ಸಾಸ್ 2005ರಲ್ಲೇ ಆ ದಾರಿ ಹಿಡಿದಿತ್ತು. ಫೋನ್ ಕಂಪನಿಗಳು ಟಿವಿಗೆ ಇಳಿಯೋಕೆ ಊರೂರಿಗೂ ಅಲೆಯೋದು ಕಷ್ಟ ಅಂದ್ರು, ರಾಜ್ಯದವರು ಹೂಂ ಅಂದ್ರು. ಊರಿಗೆ 5% ಬರುತ್ತೆ, ಅದರ ಮೇಲೆ ಲೋಕಲ್ ಚಾನೆಲ್‌ಗೆ ಅಂತ ಇನ್ನೊಂದು 1% ಸಾಮಾನ್ಯವಾಗಿ. ಆದರೆ ಆ 1% ಉಪಕರಣ, ಕಟ್ಟಡಕ್ಕೆ ಮಾತ್ರ. ಸಂಬಳಕ್ಕೆ ಮುಟ್ಟೋ ಹಾಗಿಲ್ಲ. 5% ಹಣ ಊರಿನ ಸಾಮಾನ್ಯ ಖಜಾನೆಗೆ ಹೋಗಿ ಪೊಲೀಸು, ರಸ್ತೆ ಗುಂಡಿಗೆ ಖರ್ಚು. ಲಾಸ್ ಏಂಜಲೀಸ್‌ನಲ್ಲಿ ಕಂಪನಿ ನಡೆಸುತ್ತಿದ್ದ ಜನರ ಸ್ಟುಡಿಯೋಗಳು 2009ರ ಆರಂಭಕ್ಕೆ ಬಾಗಿಲು ಹಾಕಿದವು.

ಧಾರವಾಡ_ಫೇಡಾ:
ಬಾವಿ ತೋಡಾಕ ರೊಕ್ಕ ಕೊಟ್ಟು ಹಗ್ಗಕ್ಕ ಕೊಡಂಗಿಲ್ಲ ಅಂದಂಗಾತು. ಹೊಸಾ ಕ್ಯಾಮೆರಾ ಡಬ್ಬಿಯೊಳಗ ಕುಂದ್ರತದ, ಹಿಡಿಯಾಕ ಮಂದಿ ಇಲ್ಲ.

ಹಳೇ_ಇಂಜಿನಿಯರ್:
ಸರಿಯಾಗಿ ಹೇಳಿದಿರಿ. ಈ ಬಂಡವಾಳ ಹಣ, ನಡೆಸೋ ಹಣ ಅನ್ನೋ ಭೇದ ಫೆಡರಲ್ ಕಾನೂನಿನಲ್ಲೂ ಇದೆ. ಉಪಕರಣದ ಬಂಡವಾಳಕ್ಕೆ ಕೊಟ್ಟದ್ದು 5% ಮಿತಿಯ ಹೊರಗೆ, ದಿನದಿನದ ಖರ್ಚಿಗೆ ಕೊಟ್ಟದ್ದು ಒಳಗೆ. ಆದ್ದರಿಂದ @ಹಿಮದೂರಿನವಳು, ಎರಡನ್ನೂ ಬೇರೆ ಬೇರೆ ಹೆಸರು ಹಿಡಿದು ಕೇಳಿ. "ಸ್ಟುಡಿಯೋಗೆ ಹಣ ಕೊಡಿ" ಅಂತ ಮೊಗಮ್ಮಾಗಿ ಹೇಳಿದರೆ ಕಂಪನಿಯವರು ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟಿಬಿಡ್ತಾರೆ.

ಇನ್ನೊಂದು. 2019ರಲ್ಲಿ ಎಫ್‌ಸಿಸಿ, ಕಂಪನಿ ವಸ್ತುರೂಪದಲ್ಲಿ ಕೊಡೋ ಸೌಲಭ್ಯಗಳ ಬೆಲೇನೂ 5%ರಲ್ಲಿ ಕಳೀಬಹುದು ಅಂದಿತು. ಶಾಲೆಗೆ, ಲೈಬ್ರರಿಗೆ ಬಿಟ್ಟಿ ಕನೆಕ್ಷನ್ ಕೊಡ್ತಾರಲ್ಲ, ಅಂಥದ್ದು. ಊರುಗಳು ಕೋರ್ಟಿಗೆ ಹೋದವು. 2021ರಲ್ಲಿ ಆರನೇ ಸರ್ಕ್ಯೂಟ್ ಅನ್ನೋ ಫೆಡರಲ್ ಮೇಲ್ಮನವಿ ಕೋರ್ಟು, ಕಳೆಯೋದಾದರೆ ಮಾರುಕಟ್ಟೆ ಬೆಲೆ ಹಿಡೀಬೇಡಿ, ಕಂಪನಿಗೆ ನಿಜವಾಗಿ ಬೀಳೋ ಹೆಚ್ಚುವರಿ ಖರ್ಚು ಮಾತ್ರ ಹಿಡಿಯಿರಿ ಅಂತ ಅರ್ಧ ಕಡಿವಾಣ ಹಾಕಿತು. ಹೀಗಾಗಿ "ಬಿಟ್ಟಿ" ಅಂತ ಯಾವುದು ಬಂದರೂ ಅದರ ಹಿಂದೆ ಕಳೆಯೋ ಲೆಕ್ಕ ಇದೆಯಾ ಅಂತ ಕೇಳಿ.

ಸುಮ್ನಿರಪ್ಪ:
ಇಷ್ಟೆಲ್ಲ ಓದಿದ ಮೇಲೂ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಯೂಟ್ಯೂಬ್ ಇರೋವಾಗ ಚಾನೆಲ್ ಯಾಕೆ?

ಉಡುಪಿ_ಹೋಟ್ಲು:
ನಮ್ಮ ಸಂಘದ ಯಕ್ಷಗಾನ ಹಾಕಿದ್ದಕ್ಕೆ ಯಾರದೋ ಆಡಿಯೋ ಕಂಪನಿಯ ಕಾಪಿರೈಟ್ ಅಂತ ಭಾಗವತರ ದನಿಯೇ ಮ್ಯೂಟ್ ಆಯ್ತು. ಚೆಂಡೆಯೂ ಇಲ್ಲ, ಪದವೂ ಇಲ್ಲ, ವೇಷ ಮಾತ್ರ ಕುಣಿಯುವುದು. ನೋಡಿ ನಗಬೇಕೋ ಅಳಬೇಕೋ.

ಹಳೇ_ಇಂಜಿನಿಯರ್:
@ಸುಮ್ನಿರಪ್ಪ, ಚಾನೆಲ್ ನಂಬರು ನಾಳೆ ಹೋದರೂ ನನಗೆ ಬೇಜಾರಿಲ್ಲ. ಎಷ್ಟೋ ಊರುಗಳ ಚಾನೆಲ್ ಈಗಾಗಲೇ ಯೂಟ್ಯೂಬ್‌ನಲ್ಲೂ ಇದೆ. ಉಳಿಯಬೇಕಾದದ್ದು ಆ ನೆಲಮಾಳಿಗೆ: ಕಲಿಸೋ ಒಬ್ಬ ನೌಕರ, ಎರವಲು ಕೊಡೋ ಕ್ಯಾಮೆರಾ, ಪ್ರತಿ ಶಾಲಾ ಮಂಡಳಿ ಸಭೆಗೆ ತಪ್ಪದೆ ಹೋಗಿ ಮೈಕ್ ಇಡೋ ಹುಡುಗ. ಯೂಟ್ಯೂಬ್ ಇದನ್ನೆಲ್ಲ ಕೊಡಲ್ಲ. ಸದ್ಯಕ್ಕೆ ಇದಕ್ಕೆ ಹಣ ಬರೋದು ಕೇಬಲ್ ಲೈಸೆನ್ಸ್ ಅನ್ನೋ ಒಂದೇ ಕೊಳವೆಯಲ್ಲಿ. ಮ್ಯಾಸಚೂಸೆಟ್ಸ್‌ನಲ್ಲಿ ಸ್ಟ್ರೀಮಿಂಗ್ ಕಂಪನಿಗಳಿಂದಲೂ 5% ಪಡೆಯೋ ಮಸೂದೆ ಶಾಸನಸಭೆಗೆ ಮತ್ತೆ ಮತ್ತೆ ಬಂದಿದೆ. ಪಾಸಾದ ದಿನ ನಿಮ್ಮ ನ್ಯಾಯದ ಪ್ರಶ್ನೆಗೂ ಉತ್ತರ ಸಿಗುತ್ತೆ, ಅಜ್ಜಿಯ ಜೊತೆ ನೀವೂ ಕೊಡ್ತೀರಿ.

ಸುಮ್ನಿರಪ್ಪ:
ಕೊಡೋದಾದ್ರೆ ಆಸ್ತಿ ತೆರಿಗೆಯಲ್ಲೇ ಕೊಡೋಣ, ನೇರವಾಗಿ, ಟೌನ್ ಮೀಟಿಂಗ್‌ನಲ್ಲಿ ಕೈಯೆತ್ತಿ. ಗ್ರಂಥಾಲಯಕ್ಕೆ ಕೊಡಲ್ವಾ? ಈ ಸುತ್ತು ಬಳಸಿ ಬಿಲ್ಲಿನಲ್ಲಿ ಅಡಗಿಸೋದು ನನಗೆ ಹಿಡಿಸಲ್ಲ.

ಲಾಯರಮ್ಮ:
ಈ ಮಾತು ಒಪ್ಪಿದೆ. ಆದರೆ ಆಸ್ತಿ ತೆರಿಗೆ ಅಂದ ಕೂಡಲೇ ಬಜೆಟ್ ಕಡಿತದ ವರ್ಷ ಮೊದಲ ಕೊಡಲಿ ಸ್ಟುಡಿಯೋ ಮೇಲೇ. ಸೆಲೆಕ್ಟ್ ಬೋರ್ಡನ್ನ ಟೀಕೆ ಮಾಡೋ ಕಾರ್ಯಕ್ರಮಕ್ಕೆ ಸೆಲೆಕ್ಟ್ ಬೋರ್ಡೇ ಹಣ ಮಂಜೂರು ಮಾಡಬೇಕಾಗುತ್ತೆ.

ಅದಕ್ಕೇ ಇನ್ನೊಂದು ವಿಷಯ ಸೇರಿಸ್ತೀನಿ: ಚಾನೆಲ್ ನಡೆಸೋದು ಯಾರು ಅಂತ ನೋಡಿ. ಎಷ್ಟೋ ಕಡೆ ಊರು ಒಂದು ಲಾಭರಹಿತ ಸಂಸ್ಥೆಗೆ ವಹಿಸುತ್ತೆ. 2019ರ ಹ್ಯಾಲೆಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ, ಮ್ಯಾನ್‌ಹಟನ್‌ನ ಜನರ ಚಾನೆಲ್ ನಡೆಸೋ ಖಾಸಗಿ ಸಂಸ್ಥೆ ಸರ್ಕಾರ ಅಲ್ಲ, ಅದರ ಮೇಲೆ ವಾಕ್ ಸ್ವಾತಂತ್ರ್ಯದ ದಾವೆ ನಿಲ್ಲಲ್ಲ ಅಂತ ಹೇಳಿತು. ಆ ಸಂಸ್ಥೆಯನ್ನೇ ಟೀಕಿಸಿ ಕಾರ್ಯಕ್ರಮ ಮಾಡಿದ ಇಬ್ಬರನ್ನ ಅಮಾನತು ಮಾಡಿದ್ದ ಪ್ರಕರಣ ಅದು. ಪಾಠ ಏನಂದ್ರೆ, ಸರದಿ ಪ್ರಕಾರ ಎಲ್ಲರಿಗೂ ಸಮಯ, ಅಮಾನತಿಗೆ ಮೇಲ್ಮನವಿ, ಆಡಳಿತ ಮಂಡಳಿಗೆ ಊರಿನವರ ಚುನಾವಣೆ, ಇವನ್ನೆಲ್ಲ ಊರು ಮತ್ತು ಸಂಸ್ಥೆಯ ಒಪ್ಪಂದದಲ್ಲೇ ಬರೆಸಿಬಿಡಬೇಕು. ಆಮೇಲೆ ಸಂವಿಧಾನ ಕಾಪಾಡುತ್ತೆ ಅಂತ ಕೂತರೆ ಆಗಲ್ಲ.

ತಿಂಡಿಪೋತ:
ಆಡಳಿತ ಮಂಡಳಿ ಚುನಾವಣೆ ಅಂದ್ರಿ, ನಮ್ಮ ಕನ್ನಡ ಸಂಘದ ಚುನಾವಣೆ ನೆನಪಾಯ್ತು. ಹೋದ ಸಲ ಬಿಸಿಬೇಳೆಬಾತ್ ತಣ್ಣಗಾಗೋವರೆಗೂ ಎಣಿಕೆ ಮುಗೀಲಿಲ್ಲ.

ಮಂಡ್ಯ_ಟು_ಜೆರ್ಸಿ:
ಅದನ್ನ ಲೋಕಲ್ ಚಾನೆಲ್‌ನಲ್ಲಿ ನೇರ ಪ್ರಸಾರ ಮಾಡಿ. ನೋಡೋರಿಲ್ಲ ಅಂತ ಇನ್ಮೇಲೆ ಯಾರೂ ಹೇಳಲ್ಲ.

ಹಿಮದೂರಿನವಳು:
😄 ಸರಿ, ಕರಡು ಬರೆದೆ. ತಿದ್ದಿ:

"ನಾನು ಈ ಊರಿನ ನಿವಾಸಿ, ಕನ್ನಡ ಶಾಲೆಯ ಸ್ವಯಂಸೇವಕಿ. ನಮಗೆ ಬೇಕಾದದ್ದು: ಮೂರು ಚಾನೆಲ್‌ಗಳೂ ಉಳಿಯಬೇಕು, ಎಚ್‌ಡಿಯಲ್ಲಿ ಬರಬೇಕು, ಕಾರ್ಯಕ್ರಮದ ಹೆಸರು ಪರದೆಯ ಗೈಡ್‌ನಲ್ಲಿ ಕಾಣಬೇಕು. ನಡೆಸೋ ಖರ್ಚಿಗೆ ಕಾನೂನು ಬಿಡೋವಷ್ಟೂ ಹಣ, ಉಪಕರಣಕ್ಕೆ ಪ್ರತ್ಯೇಕ ಬಂಡವಾಳ ಹಣ. ಸ್ಟುಡಿಯೋ ಸಂಜೆ ಮತ್ತು ವಾರಾಂತ್ಯ ತೆರೆದಿರಬೇಕು."

ಹಳೇ_ಇಂಜಿನಿಯರ್:
ಎಚ್‌ಡಿ ಮತ್ತು ಗೈಡ್ ಸೇರಿಸಿದ್ದು ಬಹಳ ಒಳ್ಳೇದು. ಎಷ್ಟೋ ಕಡೆ ಲೋಕಲ್ ಚಾನೆಲ್‌ಗಳನ್ನ ಮಸುಕು ಚಿತ್ರದಲ್ಲೇ ಬಿಟ್ಟು, ಗೈಡ್‌ನಲ್ಲಿ "ಲೋಕಲ್ ಪ್ರೋಗ್ರಾಮಿಂಗ್" ಅಂತಷ್ಟೇ ತೋರಿಸ್ತಾರೆ. ಆಮೇಲೆ ಯಾರೂ ನೋಡಲ್ಲ ಅಂತ ಅವರೇ ಹೇಳ್ತಾರೆ. ಇನ್ನೊಂದು ಸಾಲು: ಊರಿಗೆ ಹೇಳದೆ ಚಾನೆಲ್ ನಂಬರ್ ಬದಲಿಸಬಾರದು.

ಲಾಯರಮ್ಮ:
ಸ್ಟುಡಿಯೋ ಸಮಯದ ಸಾಲನ್ನ ಇಲ್ಲಿಂದ ತೆಗೆಯಿರಿ. ಅದು ಕಂಪನಿಗೆ ಕೇಳೋದಲ್ಲ, ಸ್ಟುಡಿಯೋ ನಡೆಸೋರಿಗೆ. ಬೆರೆಸಿದರೆ ಕಂಪನಿಯವರು ಅದನ್ನೇ ಹಿಡ್ಕೊಂಡು ಎಳೆದಾಡ್ತಾರೆ. ಮತ್ತೆ "ಬೇಕು" ಅಂತ ಬರೆದದ್ದಕ್ಕೆಲ್ಲ ಒಂದು ಸಾಕ್ಷಿ ಕೊಡಿ. ಎಷ್ಟು ಮಕ್ಕಳು ನಾಟಕದಲ್ಲಿದ್ದರು, ಎಷ್ಟು ಜನ ಕ್ಯಾಮೆರಾ ತರಬೇತಿಗೆ ಕಾಯ್ತಿದ್ದಾರೆ, ಹೀಗೆ.

ಕೋಲಾರದ_ಹುಡ್ಗ:
ಅಕ್ಕಾ, ತೆಲುಗು, ತಮಿಳು ಶಾಲೆಯವರನ್ನೂ ಕರ್ಕೊಂಡು ಹೋಗಿ. ಚೀನೀ ಶಾಲೆಯವರು ಇದ್ರೆ ಅವರನ್ನೂ. ನಮ್ಮೂರ ಕಡೆ ಒಂದೇ ಬೀದೀಲಿ ಮೂರು ಭಾಷೆ, ಅರ್ಜಿಗೆ ಎಲ್ಲರೂ ಹೆಬ್ಬೆಟ್ಟು ಹಾಕಿದ್ರೇನೇ ಬೋರ್‌ವೆಲ್ ಬರೋದು.

ಬೇ_ಏರಿಯಾ_ಬೋರ:
ನಿಮ್ಮೂರಲ್ಲಿ ಎರಡನೇ ಕಂಪನಿ ಇದೆಯಾ? ಇದ್ದರೆ ಅದರ ಲೈಸೆನ್ಸ್ ಬೇರೆ, ಅದು ಮುಗಿಯೋ ದಿನಾಂಕಾನೂ ಬೇರೆ.

ಹಿಮದೂರಿನವಳು:
ಇದೆ! ಫೈಬರ್ ಕಂಪನಿ ಒಂದಿದೆ. ಅದರದ್ದು ಯಾವಾಗ ಮುಗಿಯುತ್ತೋ ಕೇಳಬೇಕು. ಸಭೆ ದಿನ ನನಗೆ ರಾತ್ರಿ ಪಾಳಿ ಬೀಳೋ ಹಾಗಿದೆ, ಬರೆದು ಕಳಿಸಿದರೆ ಸಾಕಾ?

ಸುಮ್ನಿರಪ್ಪ:
ನಾನು ನಿಮ್ಮ ಪಕ್ಕದ ಟೌನೇ. ನಮ್ಮಲ್ಲೂ ಸಭೆ ಕರೆದಿದ್ದಾರೆ ಅಂತ ಈಗ ನೋಡಿದೆ. ಹೋಗಿ ಆಸ್ತಿ ತೆರಿಗೆ ವಾದಾನೇ ಮಾಡ್ತೀನಿ, ಹೇಳಿಬಿಟ್ಟಿದ್ದೀನಿ.

ಲಾಯರಮ್ಮ:
@ಸುಮ್ನಿರಪ್ಪ, ಮಾಡಿ, ಅದೂ ದಾಖಲೆಗೆ ಹೋಗಲಿ. @ಹಿಮದೂರಿನವಳು, ಬರೆದು ಕಳಿಸಿದರೂ ಸಾಕು. ಸೆಲೆಕ್ಟ್ ಬೋರ್ಡ್ ಕಚೇರಿಗೆ ಇಮೇಲ್ ಮಾಡಿ, "ನವೀಕರಣದ ಅಹವಾಲು ದಾಖಲೆಗೆ ಸೇರಿಸಿ" ಅಂತ ಮೊದಲ ಸಾಲಲ್ಲೇ ಬರೆಯಿರಿ. ಲಿಖಿತ ಅಹವಾಲಿಗೆ ಕೊನೇ ದಿನ ಯಾವುದು ಅಂತ ಅದೇ ಇಮೇಲ್‌ನಲ್ಲಿ ಕೇಳಿ. ಸೇರಿಸಿದ್ದೀವಿ ಅಂತ ಉತ್ತರ ಬರೋವರೆಗೆ ಬಿಡಬೇಡಿ.